ರಾಯಚೂರಿನಿಂದ ಒಂದು ದಿನದ ದಾರಿ

ಪ್ಯಾರಿಸಿನ ಜನ ರಜೆಯ ದಿನ ಬೆಳಿಗ್ಗೆ ರೈಲು ಹತ್ತಿ, ವರ್ಸೇಲ್ಸಿನ ಅರಮನೆಯನ್ನು ನೋಡಿಕೊಂಡು ಸಂಜೆಗೆ ಮನೆ ಸೇರುತ್ತಾರೆ. ಲಂಡನ್ನಿನವರಿಗೆ ವಿಂಡ್ಸರ್ ಕೋಟೆಯೂ ಹಾಗೆಯೇ ಒಂದು ದಿನದ ದಾರಿ. ನಗರದ ಚರಿತ್ರೆ ನಗರದೊಳಗೇ ಮುಗಿಯುವುದಿಲ್ಲವೆಂಬುದನ್ನು ಅವರು ರೂಢಿಯಿಂದಲೇ ಅರಿತಿದ್ದಾರೆ. ನಮ್ಮಲ್ಲಿ ಈ ರೂಢಿ ಕಡಮೆ. ಹಳೆಯದನ್ನು ನೋಡಬೇಕೆಂಬ ಆಸೆ ಹುಟ್ಟಿದರೆ ರಾಯಚೂರಿನವರಾದ ನಾವು ಹಂಪೆಗೆ ಹೋಗುತ್ತೇವೆ, ವಿಜಯಪುರಕ್ಕೆ ಹೋಗುತ್ತೇವೆ. ದೇವದುರ್ಗಕ್ಕೋ ಮಾನ್ವಿಗೋ ಹೋಗುವುದೆಂದರೆ ಕಚೇರಿಯ ಕೆಲಸಕ್ಕೆ, ಇಲ್ಲವೆ ನೆಂಟರ ಮದುವೆಗೆ.

ನಾನು ಪಾಠ ಹೇಳುವ ಕಾಲೇಜಿಗೆ ಈ ಎರಡೂ ತಾಲ್ಲೂಕುಗಳಿಂದ ವಿದ್ಯಾರ್ಥಿಗಳು ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಾರೆ. ಒಮ್ಮೆ ತರಗತಿಯಲ್ಲಿ ಮಾನ್ವಿಯ ಹುಡುಗನೊಬ್ಬನನ್ನು, ನಿಮ್ಮ ಊರಿನಲ್ಲಿ ನೋಡತಕ್ಕದ್ದು ಏನಿದೆಯಪ್ಪಾ ಎಂದು ಕೇಳಿದೆ. “ನಮ್ಮೂರಾಗ ಏನೈತ್ರೀ ಸರ, ನೋಡಾಕ?” ಎಂದು ಅವನು ನಾಚಿ ತಲೆ ತಗ್ಗಿಸಿದ. ಆ ಉತ್ತರಕ್ಕೆ ಹುಡುಗನಿಗಿಂತ ಕಲಿಸುವ ನಾವೇ ಹೆಚ್ಚು ಹೊಣೆ. ನಮ್ಮ ಪಠ್ಯಪುಸ್ತಕಗಳಲ್ಲಿ ‘ರಾಯಚೂರು ದೋಆಬ್’ ಎಂಬ ಹೆಸರು ಬರುವುದು ಯುದ್ಧಗಳಿಗೆ ಕಾರಣವಾಗಿ ಮಾತ್ರ. ಆ ದೋಆಬಿನಲ್ಲಿ ಯಾರು ಬಾಳಿದರು, ಏನು ಬರೆದರು ಎಂಬ ಮಾತು ಅಲ್ಲಿ ವಿರಳ.

ಕೃಷ್ಣಾ-ತುಂಗಭದ್ರೆಗಳ ನಡುವಣ ಈ ನೆಲಕ್ಕೆ ಪಾರಸಿಯ ದೋಆಬ್ ಎಂಬ ಹೆಸರು ಬರುವ ಮೊದಲೇ ಅಚ್ಚಗನ್ನಡದ ಹೆಸರೊಂದಿತ್ತು: ಎಡೆದೊರೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು. ಹನ್ನೊಂದನೆಯ ಶತಮಾನದಲ್ಲಿ ರಾಜೇಂದ್ರ ಚೋಳನು ತಾನು ಗೆದ್ದ ನಾಡುಗಳ ಪಟ್ಟಿಯಲ್ಲಿ ಇದನ್ನು ‘ಇಡೈತುರೈನಾಡು’ ಎಂದು ಬರೆಯಿಸಿಕೊಂಡಿದ್ದಾನೆ. ಮುಂದೆ ವಿಜಯನಗರದವರೂ ಬಹಮನಿಗಳೂ ಇದಕ್ಕಾಗಿ ತಲೆಮಾರುಗಟ್ಟಲೆ ಕಾದಾಡಿದರು. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದನು. ಆ ಮುತ್ತಿಗೆಯಲ್ಲಿ ಪೋರ್ಚುಗೀಸ್ ಬಂದೂಕುಗಾರರೂ ರಾಯನ ಕಡೆಗಿದ್ದರೆಂಬುದನ್ನು ನೂನಿಜ್ ಎಂಬ ಪೋರ್ಚುಗೀಸನು ಬರೆದಿಟ್ಟಿದ್ದಾನೆ. 1565ರ ರಕ್ಕಸತಂಗಡಿಯ ಯುದ್ಧದ ಅನಂತರ ನಾಡು ಮತ್ತೆ ಬಿಜಾಪುರದ ಪಾಲಾಯಿತು.

ಒಂದು ದಿನದ ಪ್ರವಾಸಕ್ಕೆ ಹೊರಡುವವರು ಮೊದಲು ಈ ಕೋಟೆಯನ್ನೇ ನೋಡಬೇಕು. ಬಸ್ಸು ನಿಲ್ದಾಣದಿಂದ ನಡೆದೇ ಹೋಗಬಹುದು. ಸಮೀಪದ ಏಕ್ ಮಿನಾರ್ ಮಸೀದಿ ಹಿಜರಿ 919ರಲ್ಲಿ, ಎಂದರೆ 1513-14ರಲ್ಲಿ, ಬಹಮನಿ ದೊರೆ ಮಹಮೂದ್ ಷಹನ ಆಳ್ವಿಕೆಯಲ್ಲಿ ಕಟ್ಟಿದ್ದು. ಒಳಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಈ ಕೋಟೆಯನ್ನು ಕಟ್ಟಿಸಿದ ವಿವರ ಅದರ ಮೇಲಿದೆ. ಅಂಥ ಕಲ್ಲನ್ನು ನಾಲ್ಕು ಗಾಲಿಯ ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ನಮ್ಮ ಪ್ರವಾಸಕ್ಕೆ ಮುಖ್ಯವಾದುದು ಶಾಸನದ ಒಂದು ಮಾತು. ಕೋಟೆಯನ್ನು ಕಟ್ಟಿಸುವ ಮುಂಚೆ ಸೇನಾನಿಯು ಹಿಡಿದ ದುರ್ಗಗಳಲ್ಲಿ ಆದವಾನಿಯ ಜೊತೆಗೆ ‘ಮಾನುವ’ದ ಹೆಸರೂ ಇದೆ. ಅದೇ ನಮ್ಮ ಮಾನ್ವಿ. ಏಳುನೂರು ವರ್ಷಗಳ ಹಿಂದೆಯೇ ರಾಯಚೂರಿನ ಕಲ್ಲಿನಲ್ಲಿ ಹೆಸರು ಪಡೆದ ಊರಿನಲ್ಲಿ ನೋಡಲು ಏನೂ ಇಲ್ಲವೆಂದರೆ ಹೇಗೆ ಒಪ್ಪುವುದು?

ಈ ಊರುಗಳು ನಮಗೆ ದೂರವಾಗಿ ಕಂಡದ್ದಕ್ಕೆ ಒಂದು ಕಾರಣವೂ ಉಂಟು. 1871ರಲ್ಲಿ ಮುಂಬಯಿಯ ರೈಲುದಾರಿಯೂ ಮದರಾಸಿನ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ರಾಯಚೂರು ಎರಡು ಮಹಾನಗರಗಳಿಗೆ ಹತ್ತಿರವಾಯಿತು. ಆ ದಾರಿ ದೇವದುರ್ಗವನ್ನಾಗಲಿ ಮಾನ್ವಿಯನ್ನಾಗಲಿ ಮುಟ್ಟಲಿಲ್ಲ. ನಿಜಾಮ ಸರಕಾರದ ರೈಲ್ವೆಯು 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಹೈದರಾಬಾದು ಸಂಸ್ಥಾನದಿಂದ ಬಿಡಿಸಿಕೊಂಡು ಕನ್ನಡನಾಡಿಗೆ ಸೇರಿತು. ಈಗ ಇಲ್ಲಿ ಓಡುವ ಸರಕಾರಿ ಬಸ್ಸುಗಳ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಹೆಸರಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ಟಿನ ಖರ್ಚೂ ತಪ್ಪಿತು. ಎರಡೂ ಊರುಗಳು ಸುಮಾರು ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮರಳಬಹುದು.

ದೇವದುರ್ಗದ ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ಕಿಟಕಿಯಿಂದ ನೋಡಿದರೆ ಬರಿಯ ಒಂದು ಹಳ್ಳಿ. ಇಳಿದು ಒಳಗೆ ನಡೆದರೆ ಮಳೆ ಶಂಕರನ ಗುಡಿ, ಈಶ್ವರ, ವೆಂಕಟೇಶ್ವರ, ಬಂಗಾರ ಬಸಪ್ಪ ಎಂದು ಗುಡಿಯ ಮೇಲೆ ಗುಡಿ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳೂ ಇಲ್ಲಿವೆ. ದೇವದುರ್ಗವು ಬೇಡ ನಾಯಕರ ನೆಲೆಯಾಗಿದ್ದ ಊರು. ಕೃಷ್ಣೆಯ ಆಚೆಗೆ ಅದೇ ಕುಲದ ಸುರಪುರದ ನಾಯಕರ ವಾಗಿನಗೇರಿ ಕೋಟೆಯನ್ನು ಹಿಡಿಯಲು 1705ರಲ್ಲಿ ಔರಂಗಜೇಬನು ಇಳಿವಯಸ್ಸಿನಲ್ಲಿ ತಾನೇ ಬರಬೇಕಾಯಿತು.

ದೇವದುರ್ಗ ತಾಲ್ಲೂಕಿನಲ್ಲಿಯೇ ಮೊಸರಕಲ್ಲು ಎಂಬ ಚಿಕ್ಕ ಊರಿದೆ. ಹರಿದಾಸರಲ್ಲಿ ಹೆಸರಾದ ಗೋಪಾಲದಾಸರು ಹುಟ್ಟಿದ್ದು ಅಲ್ಲಿ. ಅವರ ಗುರುಗಳಾದ ವಿಜಯದಾಸರು (1682–1755) ಹುಟ್ಟಿದ್ದು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ, ತುಂಗಭದ್ರೆಯ ದಡದ ಮೇಲೆ. ಅದೇ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದವರು ಜಗನ್ನಾಥದಾಸರು (1728–1809). ಒಂದು ನದಿಯ ಮಗ್ಗುಲಿಂದ ಇನ್ನೊಂದು ನದಿಯ ಮಗ್ಗುಲಿಗೆ ಎರಡು ಬಸ್ಸು ಬದಲಿಸುವಷ್ಟರಲ್ಲಿ ದಾಸಸಾಹಿತ್ಯದ ಒಂದು ಶತಮಾನವನ್ನೇ ಹಾಯ್ದಂತಾಗುತ್ತದೆ.

ಈ ಮೂವರನ್ನು ಕೂಡಿಸುವ ಐತಿಹ್ಯವೊಂದು ಜನಜನಿತವಾಗಿದೆ. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರು. ಹೇಳಿದ ನೆವವೇ ನಿಜವಾಯಿತು. ಯಾವ ಮದ್ದಿಗೂ ನೋವು ಬಗ್ಗಲಿಲ್ಲ. ಕೊನೆಗೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದು ಉಳಿಸಿದರಂತೆ. ನಂಬುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟ ವಿಷಯ. ಐತಿಹ್ಯದ ಒಳಗಿನ ಚರಿತ್ರೆಯಂತೂ ಸ್ಪಷ್ಟವಾಗಿದೆ. ಕನ್ನಡದಲ್ಲಿ ಏನಿದೆಯೆಂದು ಮುಖ ತಿರುಗಿಸಿದ ಪಂಡಿತರೇ ಮುಂದೆ ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವನ್ನು ಬರೆದರು, ಆ ಕನ್ನಡ ಕಾವ್ಯಕ್ಕೆ ಸಂಸ್ಕೃತದಲ್ಲಿಯೇ ವ್ಯಾಖ್ಯಾನಗಳು ಹುಟ್ಟಿದವು. ದರ್ಬಾರಿನಲ್ಲಿ ಪಾರಸಿ, ಆಮೇಲೆ ಉರ್ದು ನಡೆದ ಈ ಸೀಮೆಯಲ್ಲಿ ಕನ್ನಡಕ್ಕೆ ಅರಮನೆಯ ಆಸರೆ ದೊರೆಯಲಿಲ್ಲ. ಓಣಿ ಓಣಿಗಳಲ್ಲಿ ಗೆಜ್ಜೆ ಕಟ್ಟಿ ನಡೆದವರು ಅದನ್ನು ಮನೆಯ ಬಾಗಿಲುಗಳಲ್ಲಿ ಉಳಿಸಿದರು.

ನಾನು ಪ್ರಶ್ನೆ ಕೇಳಿದ್ದ ಹುಡುಗನನ್ನು ಒಂದು ಭಾನುವಾರ ಜೊತೆಗೆ ಕರೆದುಕೊಂಡು ಮಾನ್ವಿಯಲ್ಲಿ ಜಗನ್ನಾಥದಾಸರ ಮನೆಗೆ ಹೋದೆ. ಈಗ ಅದು ಅವರ ಮಂದಿರವಾಗಿದೆ. ಅಲ್ಲಿಯ ಕಂಬದಲ್ಲಿ ದಾಸರು ಇಂದಿಗೂ ನೆಲೆಸಿದ್ದಾರೆಂದು ಭಕ್ತರ ನಂಬಿಕೆ. ಹುಡುಗ ಬಹಳ ಹೊತ್ತು ಆ ಕಂಬವನ್ನೇ ನೋಡುತ್ತ ನಿಂತಿದ್ದ. ಹೊರಗೆ ಬಂದಮೇಲೆ, “ದಿನಾ ಈ ದಾರ್‍ಯಾಗ ಹಾಯ್ದು ಬಸ್‌ಸ್ಟ್ಯಾಂಡಿಗೆ ಹೋಗ್ತೀನ್ರೀ ಸರ. ಒಳಗ ಬಂದಿದ್ದಿಲ್ಲ” ಎಂದ. ನಾನೂ ರಾಯಚೂರು ಕೋಟೆಯ ಆ ಉದ್ದನೆಯ ಕಲ್ಲಿನ ಮುಂದೆ ಎಷ್ಟೋ ವರ್ಷ ಹಾಗೆಯೇ ಹಾಯ್ದುಹೋದವನು. ಅದನ್ನು ಅವನಿಗೆ ಹೇಳಿದೆ. ಮುಂದಿನ ಭಾನುವಾರ ಅವನು ರಾಯಚೂರಿಗೆ ಬರುವುದು, ಇಬ್ಬರೂ ಕೂಡಿ ಆ ಕಲ್ಲಿನಲ್ಲಿ ಅವನ ಊರಿನ ಹೆಸರನ್ನು ಹುಡುಕುವುದು ಎಂದು ಮಾತಾಯಿತು. ಅಷ್ಟರಲ್ಲಿ ನನ್ನ ಬಸ್ಸು ಬಂದಿತು.