ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು

ನಮ್ಮ ಮೂಡಿಗೆರೆ ತಾಲ್ಲೂಕು ದಾರದಹಳ್ಳಿಯ ದಿವಂಗತ ಡಿ.ಬಿ. ಚಂದ್ರೇಗೌಡರನ್ನು ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ನೆನೆಯುವುದು ನಮ್ಮ ಕರ್ತವ್ಯ. 1936ರಲ್ಲಿ ಹುಟ್ಟಿದ ಅವರು 1971 ಮತ್ತು 1977ರಲ್ಲಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದರು. 1978ರಲ್ಲಿ ಇಂದಿರಾಗಾಂಧಿಯವರಿಗಾಗಿ ಆ ಸೀಟನ್ನೇ ಬಿಟ್ಟುಕೊಟ್ಟರು. ಸಂಘದ ಡೈರೆಕ್ಟರ್ ಸ್ಥಾನ ಬಿಡೋಕೂ ನಾವು ಹಿಂದೆಮುಂದೆ ನೋಡ್ತೀವಿ! ನವೆಂಬರಿನಲ್ಲಿ ಇಂದಿರಮ್ಮ ಗೆದ್ದರು, ಡಿಸೆಂಬರಿನಲ್ಲೇ ಲೋಕಸಭೆ ಅವರನ್ನು ಹೊರಹಾಕಿತು. ಗೌಡರು ಮಾತ್ರ ಮೂಲೆಗೆ ಕೂರಲಿಲ್ಲ. ವಿಧಾನ ಪರಿಷತ್ತು, ವಿಧಾನಸಭೆ, ರಾಜ್ಯಸಭೆ ಎಲ್ಲ ಕಂಡರು. 1983ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು, ಎಸ್.ಎಂ. ಕೃಷ್ಣರ ಕಾಲದಲ್ಲಿ ಕಾನೂನು ಮಂತ್ರಿ. ಪಕ್ಷ ಬದಲಿಸ್ತಾರೆ ಅಂತ ಆಡಿಕೊಂಡವರುಂಟು, ಅದೇನೂ ಸುಳ್ಳಲ್ಲ. 2009ರಲ್ಲಿ ಬೆಂಗಳೂರು ಉತ್ತರದಿಂದ ಮತ್ತೆ ಲೋಕಸಭೆಗೆ ಹೋದರು. ನಾಲ್ಕು ಸದನ ಕಂಡು ಬಂದವರು 2023ರ ನವೆಂಬರ್ 7ರಂದು, 87ರ ವಯಸ್ಸಿನಲ್ಲಿ, ದಾರದಹಳ್ಳಿಯ ಮನೆಯಲ್ಲೇ ತೀರಿಕೊಂಡರು.