ಬೇಲಿಯ ಭಾರ

ಎರಡು ಹೊಲಗಳ ನಡುವಣ ಬೇಲಿಗೆ ಮುಳ್ಳು ಕಡಿದು ತರಬೇಕಾದವರಾರು, ಮಳೆಯಲ್ಲಿ ಕುಸಿದ ಭಾಗವನ್ನು ಮರಳಿ ನಿಲ್ಲಿಸುವ ಹೊಣೆ ಯಾರದೆಂಬ ಪ್ರಶ್ನೆಗಳು ಒಕ್ಕಲುತನದಷ್ಟೇ ಹಳೆಯವಾದರೂ, ನಮ್ಮ ಧರ್ಮಶಾಸ್ತ್ರಕಾರರು ಸೀಮಾವಿವಾದಕ್ಕೆ ಕೊಟ್ಟಷ್ಟು ಅವಕಾಶವನ್ನು ಬೇಲಿಯ ವೆಚ್ಚಕ್ಕೆ ಕೊಟ್ಟವರಲ್ಲ. ಊರ ಸುತ್ತ ನೂರು ಧನುಸ್ಸುಗಳಷ್ಟು ನೆಲವನ್ನು ಗೋಮಾಳವಾಗಿ ಬಿಡಬೇಕೆಂದು ವಿಧಿಸಿದ ಮನುವು, ಅಲ್ಲಿ ಬೇಲಿಯಿಲ್ಲದೆ ಬೆಳೆದ ಪೈರನ್ನು ದನಗಳು ಮೇಯ್ದರೆ ಗೋವಳನನ್ನು ದಂಡಿಸಲಾಗದೆಂದು ತೀರ್ಮಾನಿಸಿ, ಬೇಲಿಯ ಭಾರವನ್ನು ಪೂರ್ಣವಾಗಿ ಬೆಳೆಗಾರನ ಹೆಗಲಿಗೇ ಏರಿಸಿದನು. ಆ ಬೇಲಿಯಾದರೋ ಒಂಟೆಯು ಮೇಲಿನಿಂದ ಇಣುಕಲಾರದಷ್ಟು ಎತ್ತರವಾಗಿಯೂ, ನಾಯಿ ಹಂದಿಗಳ ಮೂತಿ ತೂರದಷ್ಟು ನಿಬಿಡವಾಗಿಯೂ ಇರತಕ್ಕದ್ದು. ಕನ್ನಡನಾಡಿನ ಒಕ್ಕಲಿಗನಿಗೆ ಒಂಟೆಯ ಭಯವೆಲ್ಲಿಯದು? ಹಂದಿಯ ಮಾತನ್ನು ಮಾತ್ರ ಅವನು ಒಪ್ಪಿಯಾನು.

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಕಲ್ಯಾಣನಗರದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಲು ಆಧಾರವಾಗಿ ತೆಗೆದುಕೊಂಡ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಎಲ್ಲೆಯ ನಿರ್ಣಯವು ಒಂದು ಗಂಭೀರವಾದ ವಿಧಿಯೇ ಆಗಿದೆ: ನೆರೆಯವರು, ವೃದ್ಧರು, ಗೋವಳರು, ಎಲ್ಲೆಯಂಚಿನಲ್ಲಿ ಉಳುವವರು, ಕಾಡಿನಲ್ಲಿ ಅಲೆಯುವವರು ಸಾಕ್ಷಿಗಳಾಗಿ ನೆರೆಯಬೇಕು, ಎಲ್ಲೆಯನ್ನು ತೋರಿಸುತ್ತ ನಡೆಯುವವರು ಕೆಂಪು ವಸ್ತ್ರವನ್ನುಟ್ಟು, ಕೆಂಪು ಮಾಲೆಯನ್ನು ಧರಿಸಿ, ಮಣ್ಣನ್ನು ಹೊತ್ತು ನಡೆಯಬೇಕು. ಆದರೆ ನಮ್ಮ ವಿಷಯಕ್ಕೆ ಹತ್ತಿರವಾದುದು ಅದೇ ಪ್ರಕರಣದ ಬೇರೊಂದು ನಿಯಮ. ಒಡೆಯನಿಗೆ ತಿಳಿಸದೆಯೇ ಅವನ ಹೊಲದಲ್ಲಿ ಒಡ್ಡನ್ನು ಕಟ್ಟಿದವನು ಎಷ್ಟೇ ಶ್ರಮಪಟ್ಟಿದ್ದರೂ ಅದರ ಫಲಭೋಗವು ಒಡೆಯನಿಗೇ ಸಲ್ಲುವುದು, ಒಡೆಯನಿಲ್ಲದಿದ್ದರೆ ಅರಸನಿಗೆ. ಮೊದಲು ಹೇಳು, ಆಮೇಲೆ ಕಟ್ಟು ಎಂಬುದೇ ಇದರ ಆಶಯ; ನೆರೆಯವನಿಂದ ಪಾಲು ಕೇಳುವ ಹಕ್ಕು ಇಲ್ಲಿಂದಲೇ ಹುಟ್ಟಬೇಕಷ್ಟೆ. ಸ್ಮೃತಿಯು ಅಷ್ಟು ದೂರ ಹೋಗಲಿಲ್ಲ.

ಪಾಲಿನ ಮಾತು ಸ್ಪಷ್ಟವಾಗಿ ಕೇಳಿಬರುವುದು ಇಂಗ್ಲೆಂಡಿನ ವೆಸೆಕ್ಸ್ ಪ್ರಾಂತ್ಯವನ್ನು 688ರಿಂದ 726ರವರೆಗೆ ಆಳಿದ ಇನೆ ಎಂಬ ಅರಸನ ಶಾಸನಸಂಹಿತೆಯಲ್ಲಿ. ತನ್ನ ಹಿತ್ತಿಲಿಗೆ ಚಳಿಗಾಲ ಬೇಸಗೆಗಳೆರಡರಲ್ಲಿಯೂ ಬೇಲಿಯಿರಿಸದ ರೈತನು ನೆರೆಯವನ ದನ ನುಗ್ಗಿದರೆ ಅದನ್ನು ಹೊರಗಟ್ಟಿ ನಷ್ಟವನ್ನು ತಾನೇ ನುಂಗಿಕೊಳ್ಳಬೇಕೆಂಬ ಅವನ ವಿಧಿಯು ಮನುವಿನ ಮಾತಿನ ಒಡಹುಟ್ಟಿನಂತಿದೆ. ಆದರೆ ಹಲವರು ಹಂಚಿಕೊಂಡ ಹುಲ್ಲುಗಾವಲಿನ ಪ್ರಸಂಗದಲ್ಲಿ ಅರಸನು ಬೇರೆ ದಾರಿ ಹಿಡಿದನು: ಕೆಲವರು ತಮ್ಮ ಪಾಲಿನ ಬೇಲಿಯನ್ನು ಕಟ್ಟಿ, ಉಳಿದವರು ಉದಾಸೀನರಾಗಿದ್ದು, ದನಗಳು ನುಗ್ಗಿ ಹುಲ್ಲನ್ನು ತಿಂದರೆ, ಕಂಡಿಗೆ ಕಾರಣರಾದವರೇ ಬೇಲಿ ಕಟ್ಟಿದವರಿಗೆ ನಷ್ಟವನ್ನು ತುಂಬಿಕೊಡಬೇಕು. ಬೇಲಿಯು ಇಲ್ಲಿ ನೆರೆಹೊರೆಯವರ ಪರಸ್ಪರ ಋಣವಾಯಿತು.

ಬ್ರಿಟಿಷ್ ಇಂಡಿಯಾದ 1871ರ ಜಾನುವಾರು ಅತಿಕ್ರಮಣದ ಕಾಯಿದೆಯು ಮೇಯ್ದ ದನವನ್ನು ದೊಡ್ಡಿಗೆ ಅಟ್ಟಿಸಿ, ದಂಡವನ್ನು ದನದೊಡೆಯನಿಂದ ವಸೂಲು ಮಾಡಿಸಿದ್ದರಿಂದ, ಮನುವಿನ ತಕ್ಕಡಿಯು ತಲೆಕೆಳಗಾಯಿತು. ಆದರೂ ಬೇಲಿ ಕಟ್ಟುವುದು ನಿಲ್ಲಲಿಲ್ಲ. ಬಯಲುಸೀಮೆಯಲ್ಲಿ ಅಮೆರಿಕದ ಮೂಲದ ಕತ್ತಾಳೆ, ಪಾಪಾಸುಕಳ್ಳಿಗಳೂ, ಮಲೆನಾಡಿನಲ್ಲಿ ಬಿದಿರುಮುಳ್ಳೂ ಅಗಳೂ ದಣಪೆಯೂ ಹೊಲತೋಟಗಳನ್ನು ಕಾದವು. ಇಂಥ ಬೇಲಿಗೆ ವೆಚ್ಚವೆಂದರೆ ಕೈಗೆಲಸ. ಈ ಕಡೆಯವನು ಗೂಟ ಹೊಡೆದರೆ ಆ ಕಡೆಯವನು ಮುಳ್ಳು ಹೊತ್ತು ತಂದಾನು. ಲೆಕ್ಕದ ಪುಸ್ತಕವೇ ಬೇಕಿರಲಿಲ್ಲ.

1874ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತ್ಯದ ಜೋಸೆಫ್ ಗ್ಲಿಡನ್ ಎಂಬ ರೈತನು ಮುಳ್ಳುತಂತಿಗೆ ಪಡೆದ ಪೇಟೆಂಟು ಕಾಲಕ್ರಮದಲ್ಲಿ ನಮ್ಮ ಹೊಲಗಳಿಗೂ ತನ್ನ ಫಲವನ್ನು ಮುಟ್ಟಿಸಿತು. ತಂತಿಯನ್ನೂ ಕಲ್ಲುಕಂಬವನ್ನೂ ರೊಕ್ಕ ಕೊಟ್ಟೇ ಕೊಳ್ಳಬೇಕು; ಬಡವನಾದ ನೆರೆಯವನು ತೋಳಿನ ಪಾಲನ್ನು ಕೊಟ್ಟಾನಲ್ಲದೆ ರೊಕ್ಕದ ಪಾಲನ್ನು ಎಲ್ಲಿಂದ ತರುವನು? ಆದಕಾರಣ ಉಳ್ಳವನು ಅವನನ್ನು ಕೇಳುವ ಗೋಜಿಗೇ ಹೋಗದೆ, ಬಾಂದುಕಲ್ಲಿನಿಂದ ಗೇಣುದ್ದ ಒಳಗೆ, ತನ್ನ ನೆಲದಲ್ಲಿಯೇ ಕಂಬಗಳನ್ನು ನೆಟ್ಟು, ಪೂರ್ಣ ವೆಚ್ಚವನ್ನೂ ಪೂರ್ಣ ಒಡೆತನವನ್ನೂ ತಾನೇ ಇಟ್ಟುಕೊಳ್ಳುವನು. ಆ ಗೇಣುದ್ದದ ನೆಲವನ್ನು ಉಳುವವರು ಯಾರೆಂಬುದು ಮುಂದಿನ ತಲೆಮಾರಿನ ವ್ಯಾಜ್ಯವಾಗುವುದು.