ಹತ್ತೋಕೊಂದು ಮೆಟ್ಟಿಲು

ರೋಮನ್ನರ ಹತ್ರ ಕುದುರೆ ಇತ್ತು, ಕಲ್ಲು ಹಾಸಿದ ರಸ್ತೆಗಳಿದ್ದವು, ರಿಕಾಪು ಮಾತ್ರ ಇರಲಿಲ್ಲ. ಕುದುರೆ ಹತ್ತಬೇಕು ಅಂದ್ರೆ ಹಾರಿ ಕೂರಬೇಕು, ಇಲ್ಲಾಂದ್ರೆ ಯಾರಾದ್ರೂ ಕಾಲು ಹಿಡಿದು ಎತ್ತಬೇಕು. ಕ್ರಿ.ಪೂ. 123ರಲ್ಲಿ ಅಧಿಕಾರಕ್ಕೆ ಬಂದ ಗಾಯಸ್ ಗ್ರಾಕಸ್ ರಸ್ತೆಗಳನ್ನ ಮಾಡಿಸುವಾಗ ಎರಡೂ ಬದಿಗೆ ಅಷ್ಟಷ್ಟು ದೂರಕ್ಕೊಂದರಂತೆ ಕಲ್ಲು ನೆಡಿಸಿದ ಅಂತ ಪ್ಲುಟಾರ್ಕ್ ಬರೆದಿದ್ದಾನೆ. ಮೈಲಿಗಲ್ಲು ಬೇರೆ, ಇವು ಬೇರೆ. ಸವಾರ ಇನ್ನೊಬ್ಬರ ಸಹಾಯ ಇಲ್ಲದೆ ಕುದುರೆ ಹತ್ತಲಿ ಅಂತಲೇ ಹಾಕಿಸಿದ ಕಲ್ಲುಗಳು. ಸರ್ಕಾರದ ದುಡ್ಡಲ್ಲಿ ಹತ್ತೋಕೆ ಮೆಟ್ಟಿಲು ಕಟ್ಟಿಸಿದ್ದಕ್ಕೆ ನಾನು ಓದಿದ್ದರಲ್ಲಿ ಇದೇ ಹಳೇ ಉದಾಹರಣೆ.

ರಿಕಾಪಿನ ಕಥೆಯೂ ಮೆಟ್ಟಿಲಿಂದಲೇ ಶುರುವಾದ ಹಾಗಿದೆ. ಚೀನಾದ ಚಾಂಗ್‌ಶಾದಲ್ಲಿ ಕ್ರಿ.ಶ. 302ರ ಒಂದು ಸಮಾಧಿಯಲ್ಲಿ ಸಿಕ್ಕಿರೋ ಮಣ್ಣಿನ ಕುದುರೆ ಸವಾರರ ಗೊಂಬೆಗಳನ್ನ ನೋಡಿದ್ರೆ ಎಡಗಡೆ ಮಾತ್ರ ಒಂದು ಗಿಡ್ಡ ರಿಕಾಪು ಇದೆ. ಸವಾರನ ಕಾಲು ಅದರೊಳಗಿಲ್ಲ. ಅಂದ್ರೆ ಅದಿದ್ದದ್ದು ಹತ್ತೋಕೆ, ಕೂತು ಕಾಲೂರೋಕಲ್ಲ. ಎರಡೂ ಕಡೆ ರಿಕಾಪು ಬಂದದ್ದು ಅದಾದ ಮೇಲೆ. ರಿಕಾಪಿಂದ ಯುದ್ಧ ಹೇಗೆ ಬದಲಾಯ್ತು ಅಂತ ಪುಸ್ತಕಗಟ್ಟಲೆ ಬರೆದಿದ್ದಾರೆ, ಹತ್ತೋ ಕಷ್ಟದ ಬಗ್ಗೆ ಬರೆದವರು ಕಡಿಮೆ.

ಈ ಕಷ್ಟಕ್ಕೆ ಕಾನೂನು ಹುಟ್ಟಿದ್ದು ಅಮೆರಿಕದ ರೈಲುಗಳಲ್ಲಿ. ಹತ್ತೊಂಬತ್ತನೇ ಶತಮಾನದ ಗೂಡ್ಸ್ ರೈಲಲ್ಲಿ ಬ್ರೇಕ್‌ಮನ್ ಅಂತ ಒಂದು ಕೆಲಸ ಇತ್ತು. ಓಡ್ತಿರೋ ರೈಲಿನ ಚಾವಣಿ ಮೇಲೆ, ಉದ್ದಕ್ಕೂ ಹಾಕಿದ ಹಲಗೆ ಹಿಡಿದು, ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟ್ತಾ ಪ್ರತಿ ಬೋಗಿಯ ಬ್ರೇಕ್ ಚಕ್ರವನ್ನ ಕೈಯಲ್ಲಿ ತಿರುಗಿಸಬೇಕು. ಆ ಹಲಗೆಗೇ ರನ್ನಿಂಗ್ ಬೋರ್ಡ್ ಅಂತಿದ್ರು. ಮಳೆ, ಮಂಜು, ರಾತ್ರಿ ಏನಿದ್ರೂ ಹತ್ತಲೇಬೇಕು. ಕೆಳಗಿಳಿದರೆ ಎರಡು ಬೋಗಿಗಳ ನಡುವೆ ನಿಂತು ಕೊಂಡಿ ಹಾಕಬೇಕು. ಅಯೋವಾದ ಲೊರೆಂಜೊ ಕಾಫಿನ್ ಅನ್ನೋ ರೈತ 1874ರಲ್ಲಿ ಒಬ್ಬ ಬ್ರೇಕ್‌ಮನ್ ಹೀಗೆ ಕೊಂಡಿ ಹಾಕುವಾಗ ಬೆರಳು ಕಳಕೊಂಡಿದ್ದನ್ನ ಕಣ್ಣಾರೆ ಕಂಡ. ಮುಂದಿನ ಸುಮಾರು ಇಪ್ಪತ್ತು ವರ್ಷ ಈ ಮನುಷ್ಯ ಬೇರೆ ಮಾತೇ ಆಡಲಿಲ್ಲ ಅನ್ನಬಹುದು. ಪತ್ರ ಬರೆದ, ಭಾಷಣ ಮಾಡಿದ, ರೈಲು ಕಂಪನಿಯವರ ಬೆನ್ನು ಬಿದ್ದ. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕೂಡ, ದುಡಿದು ತಿನ್ನೋ ಕೆಲಸಗಾರ ಯುದ್ಧಕ್ಕೆ ಹೋದ ಸೈನಿಕನಷ್ಟೇ ಅಪಾಯದಲ್ಲಿರೋದು ನಾಚಿಕೆಗೇಡು ಅನ್ನೋ ಅರ್ಥದಲ್ಲಿ ಸಂಸತ್ತಿಗೆ ಹೇಳಿದ. 1893ರ ಮಾರ್ಚ್ 2ಕ್ಕೆ ಸುರಕ್ಷತಾ ಕಾಯ್ದೆಗೆ ಸಹಿ ಬಿತ್ತು.

ಆ ಕಾಯ್ದೆ ಅಂದ್ರೆ ಎಲ್ರಿಗೂ ನೆನಪಾಗೋದು ಏರ್ ಬ್ರೇಕು, ತಾನಾಗೇ ಬೀಳೋ ಕೊಂಡಿ. ನನಗೆ ಇಷ್ಟವಾಗೋದು ಅದರೊಳಗಿನ ಸಣ್ಣ ಮಾತು. ಪ್ರತಿ ಬೋಗಿಯ ತುದಿಗಳಲ್ಲೂ ಬದಿಗಳಲ್ಲೂ ಗಟ್ಟಿಯಾದ ಕೈಹಿಡಿಕೆ ಇರಲೇಬೇಕು ಅಂತ ಅದರಲ್ಲಿತ್ತು. ಹಿಡಿಕೆ ಇದ್ರೆ ಸಾಲದು, ಕಾಲಿಗೂ ಜಾಗ ಬೇಕು ಅಂತ ಅವರಿಗೆ ಹೊಳೆಯೋಕೆ ಇನ್ನೂ ಹದಿನೇಳು ವರ್ಷ ಹಿಡೀತು. 1910ರ ತಿದ್ದುಪಡಿಯಲ್ಲಿ ಬೋಗಿಯ ಕೆಳಗಿನ ಮೆಟ್ಟಿಲು, ಏಣಿ, ಏಣಿಯ ತುದಿ ಮುಗಿಯೋ ಕಡೆ ಚಾವಣಿ ಮೇಲೊಂದು ಹಿಡಿಕೆ, ಎಲ್ಲಾ ಸೇರಿತು. ಚಾವಣಿ ಮೇಲಿನ ಆ ಹಿಡಿಕೆ ನೋಡಿ. ಏಣಿ ಮುಗಿದ ಜಾಗದಲ್ಲೇ ಕೈಗೆ ಏನೂ ಸಿಗಲ್ಲ, ಮನುಷ್ಯ ಬೀಳೋದು ಅಲ್ಲೇ. ಹತ್ತಿ ಇಳಿದವನನ್ನ ಕೇಳದೆ ಅಂಥ ಸಾಲು ಬರೆಯೋಕಾಗಲ್ಲ. ಚಾವಣಿಯ ಹಲಗೆಗಳು ಮಾತ್ರ 1960ರ ದಶಕದ ತನಕ ಉಳ್ಕೊಂಡವು.

ರನ್ನಿಂಗ್ ಬೋರ್ಡ್ ಅನ್ನೋ ಹೆಸರು ಕಾರಿಗೂ ಬಂತು. 1908ರ ಫೋರ್ಡ್ ಮಾಡೆಲ್ ಟಿ ಫೋಟೋ ನೋಡಿದ್ರೆ ಬಾಗಿಲ ಕೆಳಗೆ ಮುಂದಿನ ಮಡ್‌ಗಾರ್ಡಿಂದ ಹಿಂದಿನದರ ತನಕ ಉದ್ದ ಹಲಗೆ ಕಾಣುತ್ತೆ. ಆಗಿನ ರಸ್ತೆಗೆ ಕಾರು ಎತ್ತರ ಇರಲೇಬೇಕಿತ್ತು. ರಸ್ತೆ ಸುಧಾರಿಸ್ತು, ಕಾರು ತಗ್ಗಿತು, ಹಲಗೆ ಕಣ್ಮರೆಯಾಯ್ತು. 1936ರ ಕಾರ್ಡ್ 810 ಕಾರಿಗೆ ಹಲಗೆನೇ ಇರಲಿಲ್ಲ. 1948ರ ಹಡ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೆಲವನ್ನ ಚಾಸಿ ಫ್ರೇಮಿನ ನಡುವೆ ಕೆಳಗಿಳಿಸಿತು. ಆ ಕಾರಿಗೆ ಹತ್ತೋದಲ್ಲ, ಇಳಿದು ಕೂರೋದು. ಕಂಪನಿ ಅದನ್ನೇ ಹೇಳಿಕೊಂಡು ಮಾರಿತು. ಪಾಪ, ಬೀಟಲ್ ಮಾತ್ರ ಆ ಹಲಗೆಯನ್ನ 2003ರಲ್ಲಿ ಮೆಕ್ಸಿಕೋದಲ್ಲಿ ಕೊನೇ ಕಾರು ಹೊರಬರೋ ತನಕ ಬಿಡಲಿಲ್ಲ.

ಲಾರಿಗೆ ತಗ್ಗೋ ಭಾಗ್ಯ ಇರಲಿಲ್ಲ. ಅಮೆರಿಕದಲ್ಲಿ ವಾಹನದ ಒಟ್ಟು ಉದ್ದಕ್ಕೆ ಮಿತಿ ಇದ್ದಿದ್ರಿಂದ ಮೂತಿ ಕತ್ತರಿಸಿ, ಇಂಜಿನ್ ಮೇಲೇ ಕ್ಯಾಬಿನ್ ಕೂರಿಸಿದ್ರು. ಡ್ರೈವರ್ ಬಾಗಿಲು ಮುಂದಿನ ಟೈರಿನ ಮೇಲಕ್ಕೆ ಹೋಯ್ತು. ಹತ್ತಿ ಇಳಿದು ಬಿದ್ದು ಸೊಂಟ ಮುರ್ಕೊಂಡೋರ ಪಾಡಿಗೆ ಉತ್ತರವಾಗಿ 1982ರ ಸೆಪ್ಟೆಂಬರ್ 1ರಿಂದಾಚೆ ತಯಾರಾಗೋ ಅಂಥ ಎತ್ತರದ ಲಾರಿಗಳಿಗೆ ಕೇಂದ್ರದ ನಿಯಮ ಬಂತು. ನಾನು ಸಾಫ್ಟ್‌ವೇರ್‌ನವನು, ದಿನಾ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಓದಿ ಕಣ್ಣು ಮಂಜಾಗಿರುತ್ತೆ. ಆದ್ರೂ ಇದನ್ನ ಖುಷಿಯಿಂದ ಓದಿದೆ. ಹತ್ತುವಾಗಲೂ ಇಳಿಯುವಾಗಲೂ ಎರಡು ಕೈ, ಎರಡು ಕಾಲಲ್ಲಿ ಮೂರಾದರೂ ಯಾವಾಗಲೂ ಗಾಡಿಗೆ ತಾಗಿರಬೇಕು. ಮೊದಲ ಮೆಟ್ಟಿಲು ನೆಲದಿಂದ 24 ಇಂಚಿಗಿಂತ ಮೇಲಿರಬಾರದು. ಮೆಟ್ಟಿಲು 204 ಕೆಜಿ ಭಾರ ತಡೀಬೇಕು. ಎರಡೂ ಪಾದ ಇಡೋವಷ್ಟು ಅಗಲದ ಮೆಟ್ಟಿಲು ನಡುವೆ ಒಂದಾದ್ರೂ ಬೇಕು, ಯಾಕಂದ್ರೆ ಹತ್ತುವಾಗ ಕಾಲು ಬದಲಿಸಬೇಕಾಗುತ್ತೆ. ಒಂದು ಹಿಡಿತದಲ್ಲಿ ಮೈತೂಕದ ನೂರಕ್ಕೆ 35ಕ್ಕಿಂತ ಹೆಚ್ಚು ಭಾರ ತೋಳಿನ ಮೇಲೆ ಬೀಳಬಾರದು. ಹತ್ತೋ ಮನುಷ್ಯ ಯಾರು ಅನ್ನೋದಕ್ಕೂ ವ್ಯಾಖ್ಯೆ ಇದೆ. ಅಮೆರಿಕ 1960-62ರಲ್ಲಿ ಜನರ ಅಳತೆ ತಗೊಂಡ ಸಮೀಕ್ಷೆಯಲ್ಲಿ ತೀರಾ ಪುಟ್ಟ ಗಾತ್ರದ ನೂರಕ್ಕೆ ಐದು ಹೆಂಗಸರನ್ನ ಬಿಟ್ಟು ಅಲ್ಲಿಂದ ಶುರು ಮಾಡಿ, ತೀರಾ ದೊಡ್ಡ ಗಾತ್ರದ ನೂರಕ್ಕೆ ಐದು ಗಂಡಸರ ತನಕ ಎಲ್ಲರೂ. ಲಾರಿ ಓಡಿಸೋದು ಗಂಡಸರ ಕಸುಬು ಅಂತಿದ್ದ ಕಾಲದಲ್ಲಿ ಕುಳ್ಳಗಿನ ಹೆಂಗಸಿಗೂ ಎಟುಕಬೇಕು ಅಂತ ಬರೆದವರು ಯಾರೋ, ಅವರಿಗೊಂದು ನಮಸ್ಕಾರ.

ತಮಾಷೆ ಅಂದ್ರೆ ಅದೇ 1982ರಲ್ಲಿ ಬಂದ ಇನ್ನೊಂದು ಕಾನೂನು ಒಟ್ಟು ಉದ್ದದ ಮಿತಿ ತೆಗೆದುಹಾಕಿತು, ಮೂತಿ ಲಾರಿ ವಾಪಸ್ ಬಂತು. ಎತ್ತರದ ಕ್ಯಾಬಿನ್ನಿಗೆ ನಿಯಮ ಸಿಗೋ ಹೊತ್ತಿಗೆ ಎತ್ತರದ ಕ್ಯಾಬಿನ್ನೇ ಹೊರಟುಹೋಯ್ತು.

ಅತ್ತ ಕೆಲಸದ ಲಾರಿ ತಗ್ಗುತ್ತಿದ್ರೆ ಇತ್ತ ಮನೆ ಮುಂದೆ ನಿಲ್ಲೋ ಪಿಕಪ್ಪು ಏರ್ತಾ ಹೋಯ್ತು. ಬಾಬ್ ಚಾಂಡ್ಲರ್ ತನ್ನ 1974ರ ಫೋರ್ಡ್ ಎಫ್-250ಯನ್ನ ಎತ್ತರಿಸಿ ಎತ್ತರಿಸಿ ಬಿಗ್‌ಫುಟ್ ಮಾಡಿದ ಮೇಲೆ ಆ ಹುಚ್ಚು ಇನ್ನಷ್ಟು ಹಬ್ಬಿತು. ಲೆಕ್ಕ ಹಾಕಿ ನೋಡಿ. ಸಸ್ಪೆನ್ಷನ್ 6 ಇಂಚು ಏರಿಸಿ, 31 ಇಂಚಿನ ಟೈರ್ ಬದಲು 35ರದ್ದು ಹಾಕಿದ್ರೆ ಅದರಿಂದ 2, ಒಟ್ಟು 8 ಇಂಚು. ಮನೆ ಮೆಟ್ಟಿಲಿಗಿಂತ ಒಂಚೂರು ಜಾಸ್ತಿ. ಸಸ್ಪೆನ್ಷನ್ ಏರಿಸಿದ್ರೆ ಫ್ರೇಮಿಗೆ ಬೋಲ್ಟ್ ಹಾಕಿದ ಮೆಟ್ಟಿಲೂ ಜೊತೆಗೇ ಮೇಲೆ ಹೋಗುತ್ತೆ, ನೆಲಕ್ಕೂ ಮೆಟ್ಟಿಲಿಗೂ ಅಂತರ ಹೆಚ್ಚುತ್ತೆ. ಫ್ರೇಮಿನ ಮೇಲೆ ಬಾಡಿಯನ್ನಷ್ಟೇ ಎತ್ತಿದ್ರೆ ಮೆಟ್ಟಿಲು ಅಲ್ಲೇ ಇರುತ್ತೆ, ಬಾಗಿಲು ದೂರ ಹೋಗುತ್ತೆ. ಎರಡಕ್ಕೂ ಮದ್ದು ಬೇರೆ. ಮೆಟ್ಟಿಲನ್ನ ಕೆಳಕ್ಕೆ ಇಳಿಬಿಟ್ರೆ ಬಂಡೆಗೆ ತಾಗುತ್ತೆ, ಗಾಡಿ ಎತ್ತರಿಸಿದ್ದೇ ದಂಡ. ಅದಕ್ಕೇ ಬಾಗಿಲು ತೆಗೆದಾಗ ಕೆಳಗಿಳಿದು, ಮುಚ್ಚಿದಾಗ ಒಳಗೆ ಮಡಚಿಕೊಳ್ಳೋ ಮೋಟರ್ ಮೆಟ್ಟಿಲು ಬಂತು.

ಮೆಟ್ಟಿಲಿಗಿಂತ ಅಡ್ಡ ಬಂದದ್ದು ಗಂಡಸುತನ. ಫೋರ್ಡ್ 2008ರ ಸೂಪರ್ ಡ್ಯೂಟಿ ಪಿಕಪ್ಪಿನ ಹಿಂದಿನ ಬಾಗಿಲೊಳಗೆ ಮಡಚೋ ಮೆಟ್ಟಿಲು, ಹಿಡಿಯೋಕೊಂದು ಕಂಬಿ ಇಟ್ಟಿತು. ಷೆವರ್ಲೆ ಜಾಹೀರಾತಲ್ಲಿ ಮಾಜಿ ಫುಟ್‌ಬಾಲ್ ಆಟಗಾರ ಹೋವಿ ಲಾಂಗ್ ಅದನ್ನ ಆಡಿಕೊಂಡು ನಕ್ಕ. 2014ರ ಮಾಡೆಲ್ಲಿಗೆ ಷೆವರ್ಲೆ ತನ್ನ ಸಿಲ್ವೆರಾಡೊದ ಹಿಂದಿನ ಬಂಪರಿನ ಮೂಲೆಯಲ್ಲಿ ಪಾದ ಇಡೋ ಜಾಗ ಕೊರೆದುಕೊಂಡಿತು. 2019ರ ಮಾಡೆಲ್ಲಿಗೆ ಅದೇ ಜನರಲ್ ಮೋಟರ್ಸಿನ ಸಿಯೆರಾದ ಹಿಂದಿನ ಬಾಗಿಲೇ ಮೆಟ್ಟಿಲಾಗಿ ಮಡಚೋಕೆ ಶುರುವಾಯ್ತು. ನಗು ನಿಲ್ಲೋಕೆ ಅಷ್ಟು ವರ್ಷ.

ನಮ್ಮ ಕಡೆ ಎತ್ತರ ಯಾರ ಶೋಕಿಯೂ ಅಲ್ಲ. ಜಮ್ಶೆಡ್‌ಪುರದಿಂದ 1954ರಲ್ಲಿ ಟಾಟಾ-ಮರ್ಸಿಡಿಸ್ ಲಾರಿ ಹೊರಬಂತು. ಲಾರಿಯ ಚಾಸಿ ಮೇಲೇ ಬಸ್ಸಿನ ಬಾಡಿ ಕಟ್ಟೋದು ರೂಢಿಯಾಗಿ, ಮೂಟೆಗೆ ಅಂತ ಮಾಡಿದ ಎತ್ತರವನ್ನ ಮನುಷ್ಯರು ಹತ್ತಬೇಕಾಯ್ತು. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ನಗರ ಬಸ್ಸುಗಳಿಗೆ ನೆಲದ ಎತ್ತರ 400 ಮಿ.ಮೀ., 650 ಮಿ.ಮೀ. ಅಂತ ಬರೆಯಿತು. ಬೆಂಗಳೂರಿನ ವೋಲ್ವೋ ಹತ್ತುವಾಗ ಅದರ ಸುಖ ಗೊತ್ತಾಗುತ್ತೆ. ನಗರ ಬಸ್ಸಿಗೆ ಬರೆದ ಆ ಅಳತೆ ನಮ್ಮೂರ ಬಸ್ಸಿನ ತನಕ ಬಂದಿಲ್ಲ. ನಮ್ಮವ್ವ ಈಗಲೂ ಮೊದಲು ಚೀಲ ಒಳಗೆಸೆದು, ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಕಂಬಿ ಹಿಡಿದು ಹತ್ತುತ್ತಾಳೆ. ಮೂರು ತಾಗಿರಬೇಕು ಅನ್ನೋ ನಿಯಮ ಸೀರೆ ಉಟ್ಟೋಳಿಗೆ ಹೇಗೆ ಹೊಂದುತ್ತೆ ಅಂತ ಯಾವ ನಿಯಮಾವಳಿಯಲ್ಲೂ ನಾನು ಓದಿಲ್ಲ.

ಬಸ್ಸಿಗಾದ್ರೂ ಮೆಟ್ಟಿಲಿದೆ. ಕೂಲಿಗೆ ಹೋಗೋ ಹೆಣ್ಣುಮಕ್ಕಳು ಹತ್ತೋ ಟ್ರ್ಯಾಕ್ಟರ್ ಟ್ರೇಲರಿಗೆ ಅದೂ ಇಲ್ಲ. ಟೈರಿನ ಮೇಲೆ ಕಾಲಿಟ್ಟು, ಮೇಲಿದ್ದೋಳ ಕೈ ಹಿಡಿದು, ಬುತ್ತಿ ಗಂಟು ಸಮೇತ ಒಳಗೆ ಬೀಳೋದು. ಕೆಸರಿನ ದಿನ ಟೈರು ಜಾರುತ್ತೆ. ಹೋದ ವರ್ಷ ನಮ್ಮೂರಲ್ಲಿ ಒಬ್ಬಾಕೆ ಹಂಗೇ ಬಿದ್ದು ಮಣಿಕಟ್ಟು ಮುರಿದ ಮೇಲೆ, ಟ್ರೇಲರ್ ಯಜಮಾನ ಹಿಂಬದಿಗೆ ಎರಡು ಕಬ್ಬಿಣದ ಮೆಟ್ಟಿಲು, ಪಕ್ಕಕ್ಕೊಂದು ಪೈಪು ವೆಲ್ಡ್ ಮಾಡಿಸಿದ. ಎಷ್ಟು ಎತ್ತರಕ್ಕೆ ಅಂತ ವೆಲ್ಡಿಂಗಿನ ಹುಡುಗ ಕೇಳಿದಾಗ ಯಜಮಾನನಿಗೆ ಗೊತ್ತಾಗಲಿಲ್ಲ. ಗುಂಪಲ್ಲಿ ಎಲ್ಲರಿಗಿಂತ ಕುಳ್ಳಗಿದ್ದ ಅಜ್ಜಿಯನ್ನ ಕರೆದು, "ಕಾಲೆತ್ತಬೇ ಯವ್ವಾ, ನಿಂಗೆಷ್ಟು ಸಲೀಸಾಗುತ್ತೋ ಅಷ್ಟು" ಅಂದ್ರು. ಅವಳ ಪಾದ ನಿಂತ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದ್ರು. ವೆಲ್ಡಿಂಗಿಗೆ 600 ರೂಪಾಯಿ ಆಯ್ತಂತೆ.